ಗಿಳಿಯೊಳಗಿನ ನನ್ನ ದನಿ

ನಮ್ಮ ಶಾಲೆಯಲ್ಲಿ ಹತ್ತು ಟ್ಯಾಬ್‌ಗಳಿವೆ. ಅವುಗಳಲ್ಲಿ ಸಣ್ಣ ಮಕ್ಕಳಿಗಾಗಿ ಮಾಡಿದ ಒಂದು ಆಟವಿದೆ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಮಗು ಅದರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ಹೇಳಿದರೆ ಕೊಂಬೆಯ ಮೇಲೆ ಕೂತ ಹಸಿರು ಗಿಳಿ ರೆಕ್ಕೆ ಬಡಿದು ಒಂದು ನಕ್ಷತ್ರ ಕೊಡುತ್ತದೆ. ತಪ್ಪಿದರೆ ಅದು ತಲೆ ಅಲ್ಲಾಡಿಸಿ, "ತಪ್ಪು. ಇನ್ನೊಮ್ಮೆ ಸರಿಯಾಗಿ ಹೇಳು" ಎನ್ನುತ್ತಿತ್ತು. ಆಗ ಆ ಗಿಳಿಯ ದನಿ ನನ್ನದು.

ನಾನು ಸವಣೂರಿನಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಹಳ್ಳಿಯ ಕನ್ನಡ ಶಾಲೆಗೆ ಹೋಗಿ ಬರುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಅವರೆಲ್ಲ ನನ್ನ ಪಾಲು. ನನ್ನ ಕನ್ನಡ ಶುದ್ಧ ಎಂದು ತಾಲ್ಲೂಕಿನಲ್ಲಿ ಹೆಸರಿತ್ತು. ಆಗಸ್ಟ್ ಹದಿನೈದರ ನಿರೂಪಣೆ ನನ್ನದೇ, ಬೀಳ್ಕೊಡುಗೆಯ ಸಮಾರಂಭವಿದ್ದರೂ ಮೈಕು ನನ್ನ ಕೈಗೇ. ಹಾಗಾಗಿ ಮಕ್ಕಳ ಆಟ ಮಾಡುವ ಒಂದು ಸಣ್ಣ ಸಂಸ್ಥೆಯವರು ದನಿ ಹುಡುಕಿಕೊಂಡು ಬಂದಾಗ ನಮ್ಮ ಹೆಡ್‌ಮಾಸ್ತರರು ಹಿಂದೆಮುಂದೆ ನೋಡದೆ ನನ್ನ ಕಡೆ ಕೈ ಮಾಡಿದರು.

ರೆಕಾರ್ಡಿಂಗು ನಡೆದದ್ದು ಶಿಗ್ಗಾವಿಯ ಒಂದು ಬಾಡಿಗೆ ಕೋಣೆಯಲ್ಲಿ. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಗೋಡೆಗೆಲ್ಲ ಹೊದೆಯುವ ದಪ್ಪ ಕೌದಿ ಇಳಿಬಿಟ್ಟಿದ್ದರು. ಆಟವನ್ನು ರೂಪಿಸಿದ್ದು ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಒಬ್ಬ ಯುವತಿ, ಗೊಟಗೋಡಿ ಕಡೆಯವಳು. ಎಂಜಿನಿಯರಿಂಗ್ ಓದಿದ್ದಳು, ಆದರೆ ಮಾತು ಮಾತ್ರ ಊರಿನ ಮಾತೇ. "ಬರ್ರಿ ಮೇಡಂ, ಕೂಡ್ರಿ, ಚಾ ತರಿಸ್ತೇನಿ" ಎಂದು ನಗುತ್ತ ಬಾಗಿಲಿಗೆ ಬಂದಳು. ಇಷ್ಟು ಓದಿದವಳು ಹೀಗೇಕೆ ಮಾತಾಡುತ್ತಾಳೆ ಎಂದು ನನಗೆ ಒಳಗೊಳಗೇ ಕಸಿವಿಸಿಯಾಯಿತು.

ಅವಳು ಒಂದು ಹಾಳೆ ಕೊಟ್ಟಳು. ಅದರಲ್ಲಿ ಎರಡು ಸಾಲುಗಳಿದ್ದವು. ಎಡಗಡೆ ಮನೆ, ಎಲೆ, ಆನೆ, ಎಮ್ಮೆ, ಕುದುರೆ. ಬಲಗಡೆ ಮನಿ, ಎಲಿ, ಆನಿ, ಎಮ್ಮಿ, ಕುದರಿ.

"ಮೇಡಂ, ಮಗು ಹೆಂಗ ಹೇಳಿದ್ರ ಸರಿ ಅಂತ ತಗೋಬೇಕು ಅನ್ನೂದನ್ನ ನಾವು ಮೊದಲಽ ಆಟಕ್ಕ ಹೇಳಿ ಇಡಬೇಕಾಗ್ತೈತಿ. ನಮ್ಮ ಕಡಿ ಹುಡುಗೂರು ಬಲಗಡಿ ಇದ್ದಂಗ ಹೇಳ್ತಾರ. ಎರಡೂ ಸರಿ ಅಂತ ಇಡೋಣಲ್ರಿ?"

ನಾನು ಚೀಲದಿಂದ ಕೆಂಪು ಪೆನ್ನು ತೆಗೆದೆ. ಬಲಗಡೆಯ ಸಾಲಿನ ಮೇಲೆ ತುದಿಯಿಂದ ಬುಡದವರೆಗೆ ಒಂದೇ ಗೆರೆ ಎಳೆದೆ.

"ಬೇಡ" ಎಂದೆ. "ಮಕ್ಕಳು ಶಾಲೆಗೆ ಬರುವುದು ಸರಿಯಾದದ್ದನ್ನು ಕಲಿಯಲು. ಮನೆಯಲ್ಲಿ ಹೇಗಾದರೂ ಮಾತಾಡಲಿ. ನಾವೇ ತಪ್ಪಿಗೆ ನಕ್ಷತ್ರ ಕೊಟ್ಟರೆ ಹೇಗೆ?"

ಅವಳು ಸ್ವಲ್ಪ ಹೊತ್ತು ಹಾಳೆ ನೋಡಿದಳು. "ಹೋಗ್ಲಿ ಬಿಡ್ರಿ, ನೀವು ಕಲಿಸೋರು, ನಿಮಗ ಗೊತ್ತು. ಆದ್ರ ಮಗು ತಪ್ಪಿದಾಗ ಗಿಣಿ 'ಇನ್ನೊಂದ ಸಲ ನೋಡೋಣೇನು?' ಅಂದ್ರ ಹೆಂಗ್ರಿ? 'ತಪ್ಪು' ಅನ್ನೂದು ಸ್ವಲ್ಪ ಬಿರುಸಾತು ಅನಿಸ್ತೈತಿ."

ಅದಕ್ಕೂ ನಾನು ಒಪ್ಪಲಿಲ್ಲ. ತಪ್ಪನ್ನು ತಪ್ಪು ಎನ್ನದೆ ಇಪ್ಪತ್ತು ವರ್ಷದಲ್ಲಿ ನಾನು ಯಾರಿಗೂ ಕಲಿಸಿಲ್ಲ ಎಂದೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಮೈಕಿನ ಮುಂದೆ ಕೂತು, ಒಂದೊಂದು ಅಕ್ಷರವನ್ನೂ ತೂಗಿ ಹೇಳಿದೆ. ತಪ್ಪು. ಇನ್ನೊಮ್ಮೆ ಸರಿಯಾಗಿ ಹೇಳು. ಒಂದೇ ಸಲಕ್ಕೆ ಚೆನ್ನಾಗಿ ಬಂತು.

ಆ ಕೆಂಪು ಗೆರೆ ನನ್ನ ಕೈಯಲ್ಲಿ ಅಷ್ಟು ಸಲೀಸಾಗಿ ಹೇಗೆ ಬಂತು ಎನ್ನುವುದನ್ನು ಇಲ್ಲಿ ಹೇಳಬೇಕು. ನೆವ ಹೇಳಿಕೊಳ್ಳಲು ಅಲ್ಲ. ನಾನು ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಮಾಸೂರಿನಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಶಿಕ್ಷಕರ ತರಬೇತಿಗೆಂದು ಮೈಸೂರು ಸೀಮೆಗೆ ಹೋದೆ. ಮೊದಲ ದಿನ ಎಲ್ಲರೂ ಎದ್ದು ನಿಂತು ಪರಿಚಯ ಹೇಳಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ, "ನಾನು ಮಾಸೂರಾಕಿ ಅದೇನ್ರಿ, ಇಲ್ಲೇ ಹಾಸ್ಟೆಲಿನ್ಯಾಗ ಇರಾಕತ್ತೇನಿ" ಎಂದೆ. ತರಗತಿ ಗೊಳ್ಳೆಂದಿತು. ಪಾಠ ಮಾಡುವವರೂ ನಕ್ಕರು. "ಇನ್ನೊಂದ್ಸಲ ಹೇಳಮ್ಮ, ಕೇಳೋಕೆ ಮಜಾ ಇದೆ" ಎಂದರು. ನಾನು ಇನ್ನೊಂದು ಸಲ ಹೇಳಿದೆ. ಅವರು ಇನ್ನೂ ಜೋರಾಗಿ ನಕ್ಕರು. ಆಮೇಲೆ ತಿಂಗಳುಗಟ್ಟಲೆ ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ತಿರುವಿಬಿಟ್ಟು, ಆ ಸದ್ದಿನ ಮರೆಯಲ್ಲಿ ಮನೆ, ಮನೆ, ಮನೆ ಎಂದು ನಾಲಿಗೆ ತಿದ್ದಿಕೊಂಡೆ. ದೀಪಾವಳಿಗೆ ಊರಿಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಏನವಾ, ರೇಡಿಯೋದಾಕಿ ಮಾತಾಡಿದಂಗ ಮಾತಾಡಾಕತ್ತಿ?" ಎಂದಳು. ನನಗೆ ಹೆಮ್ಮೆಯಾಯಿತು.

ಹೀಗೆ ಪೆಟ್ಟು ತಿಂದವಳು ಬೇರೆಯವರಿಗೆ ಹೊಡೆಯಬಾರದಿತ್ತು. ಹೊಡೆಯುತ್ತಿದ್ದೇನೆ ಎಂಬುದೇ ನನಗೆ ತಿಳಿಯಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಜೂನಿನಲ್ಲಿ ಟ್ಯಾಬ್‌ಗಳು ಬಂದವು. ಮಕ್ಕಳ ಸಂಭ್ರಮ ಹೇಳತೀರದು. ಮೊದಲ ದಿನ ಗಿಳಿ ಮಾತಾಡಿದ ಕೂಡಲೇ ಒಬ್ಬ ಹುಡುಗ, "ಅಕ್ಕೋರಽ ಒಳಗ ಅದಾರ!" ಎಂದು ಕೂಗಿ ಟ್ಯಾಬನ್ನು ಬೋರಲು ಹಾಕಿ ಹಿಂದೆ ನೋಡಿದ. ನಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಎನ್ನುತ್ತಾರೆ. ನಾನೂ ನಕ್ಕೆ. ಲೆಕ್ಕದ ಆಟದಲ್ಲಿ ಬಲೂನು ಒಡೆಯುವುದು, ಆಕಾರಗಳನ್ನು ಅವುಗಳ ಜಾಗಕ್ಕೆ ಎಳೆದು ಕೂರಿಸುವುದು, ಎಲ್ಲ ಚೆನ್ನಾಗಿತ್ತು. ಇಂದಿಗೂ ಅವು ಒಳ್ಳೆಯ ಆಟಗಳೇ.

ನನ್ನ ಕೋಣೆಯಲ್ಲಿ ಎರಡನೆಯ ತರಗತಿಯ ಒಬ್ಬಳು ಹುಡುಗಿಯಿದ್ದಳು. ಮನೆಮಾತು ಉರ್ದು. ಅವಳಪ್ಪ ಊರಾಚೆಯ ವೀಳ್ಯದೆಲೆ ತೋಟದಲ್ಲಿ ಎಲೆ ಕೊಯ್ಯುವವನು, ತಾಯಿ ಎಲೆಗಳನ್ನು ಆರಿಸಿ ಕಟ್ಟು ಕಟ್ಟುವವಳು. ಹುಡುಗಿಗೆ ಮಾತೆಂದರೆ ಮಾತು. ಬೆಳಿಗ್ಗೆ ನಾನು ಬಸ್ಸಿಳಿದು ಶಾಲೆ ಮುಟ್ಟುವಷ್ಟರಲ್ಲಿ ಗೇಟಿನಲ್ಲೇ ಹಿಡಿದು ನಿನ್ನೆಯ ಸಮಾಚಾರವೆಲ್ಲ ಹೇಳಿ ಮುಗಿಸುತ್ತಿದ್ದಳು. ಅರ್ಧ ಕನ್ನಡ, ಕಾಲು ಉರ್ದು, ಉಳಿದದ್ದು ಕೈಸನ್ನೆ. ಬಲೂನು ಒಡೆಯುವ ಆಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮಾತಿನ ಆಟದಲ್ಲಿ ಅವಳಿಗೆ ಬಂದ ಮೊದಲ ಚಿತ್ರವೇ ವೀಳ್ಯದೆಲೆ. ಅವಳ ಮುಖ ಅರಳಿತು. ಇಡೀ ಕೋಣೆಯಲ್ಲಿ ಅದನ್ನು ಅವಳಷ್ಟು ಬಲ್ಲವರು ಯಾರೂ ಇಲ್ಲ.

"ಎಲಿ!" ಎಂದಳು.

"ತಪ್ಪು. ಇನ್ನೊಮ್ಮೆ ಸರಿಯಾಗಿ ಹೇಳು" ಎಂದಿತು ಗಿಳಿ.

ತಾನು ಮೆಲ್ಲಗೆ ಹೇಳಿದ್ದಕ್ಕೆ ಹಾಗಾಯಿತು ಎಂದುಕೊಂಡಳೋ ಏನೋ, ಟ್ಯಾಬನ್ನು ಬಾಯಿಯ ಹತ್ತಿರ ತಂದು ಜೋರಾಗಿ, "ಎಲೀ!" ಎಂದಳು. ತಪ್ಪು. "ಎಲಿ ಬಳ್ಳಿ." ತಪ್ಪು. ಆಮೇಲೆ ತುಸು ಯೋಚಿಸಿ, "ಪಾನ್" ಎಂದಳು. ತಪ್ಪು. ಪಕ್ಕದ ಮಕ್ಕಳು ನಗತೊಡಗಿದರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ, ಗೊಂದಲವಿತ್ತು. ಇದು ಎಲಿಯಲ್ಲದಿದ್ದರೆ ಮತ್ತೇನು ಎನ್ನುವ ಹಾಗೆ.

ನಾನು ಹತ್ತಿರ ಹೋಗಿ ಬಗ್ಗಿ, "ಎ-ಲೆ. ಹೇಳು, ಎಲೆ" ಎಂದೆ. ಅವಳಿಗೆ ಒಂದೇ ದನಿ ಟ್ಯಾಬಿನಿಂದಲೂ ಮೇಲಿನಿಂದಲೂ ಕೇಳಿಸಿತು. ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ಆಮೇಲಾಮೇಲೆ ಅವಳು ಮಾತಿನ ಆಟ ಬಂದರೆ ಟ್ಯಾಬನ್ನು ಪಕ್ಕದವಳಿಗೆ ಸರಿಸಿಬಿಡುತ್ತಿದ್ದಳು. ಬೇರೆ ಮಕ್ಕಳು ಬೇಗ ದಾರಿ ಕಂಡುಕೊಂಡರು. ಟ್ಯಾಬಿಗೆ ಎಲೆ, ನೆಲಕ್ಕಿಳಿದರೆ ಎಲಿ. ಅವಳಿಗೆ ಹಾಗಾಗಲಿಲ್ಲ. ಕನ್ನಡ ಅವಳಿಗೆ ಓಣಿಯಲ್ಲಿ ಸಿಕ್ಕಿದ್ದು, ಅದರಲ್ಲಿ ಎರಡು ಬಗೆಯಿವೆ ಎಂದು ಯಾರೂ ಹೇಳಿರಲಿಲ್ಲ. ಆಟದ ಬಯಲಿನಲ್ಲಿ ಅವಳು ಏನಾದರೂ ಹೇಳಹೋದರೆ ಹುಡುಗರು ತಲೆ ಅಲ್ಲಾಡಿಸಿ, ಮೂಗು ಕೊಂಕು ಮಾಡಿಕೊಂಡು, "ತಪ್ಪು! ಇನ್ನೊಮ್ಮೆ ಸರಿಯಾಗಿ ಹೇಳು!" ಎಂದು ಕುಣಿಯುತ್ತಿದ್ದರು. ನಾನು ಅದನ್ನು ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿಯಿಂದ ಕೇಳಿದೆ. ಕೇಳಿ ನನಗೆ ಅನಿಸಿದ್ದೇನು ಗೊತ್ತೆ? ಮಕ್ಕಳ ಉಚ್ಚಾರ ಎಷ್ಟು ಸ್ಪಷ್ಟವಾಗಿದೆ ಎಂದು. ಯಾರನ್ನು ಸುತ್ತುವರಿದು ಕುಣಿಯುತ್ತಿದ್ದಾರೆ ಎಂದು ನಾನು ನೋಡಲಿಲ್ಲ.

ಗೇಟಿನಲ್ಲಿ ನನ್ನನ್ನು ಹಿಡಿಯುವುದು ನಿಂತಿತು. ತರಗತಿಯಲ್ಲಿ ಗಲಾಟೆ ಕಡಿಮೆಯಾಯಿತು. ಹುಡುಗಿಗೆ ಶಿಸ್ತು ಬಂತು ಎಂದು ಹೆಡ್‌ಮಾಸ್ತರರ ಮುಂದೆ ಹೇಳಿಯೂಬಿಟ್ಟೆ. ತಿಂಗಳ ಕೊನೆಗೆ ಆಟವೇ ತಯಾರಿಸಿ ಕೊಡುವ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಚುಕ್ಕೆ ಬಿದ್ದಿತ್ತು. ಹಿಂದುಳಿದವಳು ಎಂದು ಅದರ ಅರ್ಥ. ನಾನು ಅದನ್ನು ಹಾಗೆಯೇ ನನ್ನ ವಹಿಯಲ್ಲಿ ಬರೆದುಕೊಂಡೆ.

ಸೆಪ್ಟೆಂಬರಿನಲ್ಲಿ ಶಿಗ್ಗಾವಿಯ ಯುವತಿ ಫೋನು ಮಾಡಿದಳು. ಆಟವನ್ನು ಮಕ್ಕಳು ಹೇಗೆ ಬಳಸುತ್ತಾರೆಂದು ನೋಡಲು, ಅದರ ವಿಡಿಯೋ ಮಾಡಿಕೊಳ್ಳಲು ಇಬ್ಬರು ಬರುತ್ತಾರೆಂದಳು. ನಾನು ಎರಡು ದಿನ ತಯಾರಿ ಮಾಡಿದೆ. ಚೆನ್ನಾಗಿ ಆಡುವ ಹತ್ತು ಮಕ್ಕಳನ್ನು ಆರಿಸಿ ಮುಂದೆ ಕೂರಿಸಿದೆ. ಕೆಂಪು ಚುಕ್ಕೆಯ ಮಕ್ಕಳು ಮೂವರಿದ್ದರು. ಇಬ್ಬರು ಆ ದಿನ ಬರಲಿಲ್ಲ. ಅವಳು ಬಂದಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು. ವಿಡಿಯೋ ತೆಗೆಯುತ್ತಾರೆಂದು ತಾಯಿ ಸಿಂಗರಿಸಿ ಕಳಿಸಿದ್ದಳು.

ನಾನು ಅವಳನ್ನು ಬಾಗಿಲಲ್ಲೇ ತಡೆದೆ. "ಇವತ್ತು ಅಡುಗೆಯವರಿಗೆ ಕೆಲಸ ಜಾಸ್ತಿ ಇದೆ. ನೀನು ಜಾಣೆ, ಅವರಿಗೆ ಸ್ವಲ್ಪ ಬೆಳ್ಳುಳ್ಳಿ ಬಿಡಿಸಿಕೊಡು" ಎಂದೆ.

ಅವಳು ತಲೆಯಾಡಿಸಿ ಅಡುಗೆಕೋಣೆಗೆ ಹೋದಳು.

ಬಂದವರಲ್ಲಿ ಒಬ್ಬಳು ಅದೇ ಯುವತಿ, ಇನ್ನೊಬ್ಬರು ಕ್ಯಾಮರಾ ಹಿಡಿಯುವವರು. ಎಲ್ಲ ಅಂದುಕೊಂಡಂತೆಯೇ ನಡೆಯಿತು. ಮಕ್ಕಳು ಟಣಟಣ ಉತ್ತರ ಹೇಳಿದರು, ಗಿಳಿ ಮತ್ತೆ ಮತ್ತೆ ರೆಕ್ಕೆ ಬಡಿಯಿತು. ನಾನು ಕ್ಯಾಮರಾದ ಮುಂದೆ ನಿಂತು ನಾಲ್ಕು ಮಾತಾಡಿದೆ. ಆಮೇಲೆ ಯುವತಿ ನೀರು ಕುಡಿದು ಬರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಕೋಣೆಯ ಹೊಸ್ತಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಒಳಗೆ ಬೆಳ್ಳುಳ್ಳಿ ಬುಟ್ಟಿಯ ಮುಂದೆ ಹುಡುಗಿ. ಒಲೆಯ ಹತ್ತಿರ ಅಡುಗೆಯವಳು ಸೌಟು ಹಿಡಿದು ನಿಂತಿದ್ದಾಳೆ. ಹುಡುಗಿ ಮಾತಾಡುತ್ತಿದ್ದಳು.

"ಎಲಿ ಹರೀಬಾರ್ದು. ಉಗುರಿಲೆ ಹಿಂಗ ಚಿವುಟಬೇಕು. ನಮ್ಮ ಅಬ್ಬಾ ಏಣಿ ಮ್ಯಾಲ ಹೋಗ್ತಾರ. ಮ್ಯಾಲಿನ ಎಲಿ ಬ್ಯಾರೆ, ತಳಗಿನ ಎಲಿ ಬ್ಯಾರೆ. ಒದ್ದಿ ಬಟ್ಟಿ ಹಾಸಿ ಮಲಗಸ್ಬೇಕು ಅವನ್ನ, ಇಲ್ಲಂದ್ರ ಸಿಟ್ಟಿಗೆದ್ದು ಕರ್ರಗಾಗ್ತಾವ..."

ಗಿಳಿಯ ಆಟ ಬಂದ ಮೇಲೆ ನಾನು ಅವಳ ಬಾಯಿಂದ ಅಷ್ಟು ಮಾತು ಕೇಳಿರಲಿಲ್ಲ. ನನ್ನ ನೆರಳು ಕಂಡದ್ದೇ ತಡ, ಅವಳ ಮಾತು ನಿಂತುಹೋಯಿತು.

ಯುವತಿ ತಿರುಗಿ, "ಮೇಡಂ, ಈಕಿ ಎಷ್ಟ ಚಂದ ಮಾತಾಡ್ತಾಳ್ರಿ! ನಿಮ್ಮ ಕ್ಲಾಸಿನಾಕಿ ಅಂತಲ್ಲ? ಈಕಿನ್ನ ಯಾಕ ಕೂಡ್ರಿಸಿಲ್ರಿ?" ಎಂದಳು.

"ಅವಳಿಗೆ ಹುಷಾರಿಲ್ಲ" ಎಂದೆ. ಬಾಯಿಗೆ ಬಂದದ್ದು ಅದೇ. "ಎರಡು ದಿನದಿಂದ ಕೆಮ್ಮು. ಟ್ಯಾಬಿಗೆ ದನಿ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ."

ಹುಡುಗಿ ನನ್ನ ಮುಖ ನೋಡಿದಳು. ಒಂದು ಗಳಿಗೆ. ಆಮೇಲೆ ಬೆಳ್ಳುಳ್ಳಿ ಕೆಳಗಿಟ್ಟು, ನಾನೇ ಹೇಳಿಕೊಟ್ಟಿದ್ದ ಹಾಗೆ ಮೊಣಕೈಯನ್ನು ಬಾಯಿಗೆ ಅಡ್ಡ ಹಿಡಿದು, ಕೆಮ್ಮಿದಳು. ಎರಡು ಸಲ.

ಏಳು ವರ್ಷದ ಮಗು ನನ್ನ ಸುಳ್ಳನ್ನು ನಿಜ ಮಾಡಿಕೊಟ್ಟಿತು.

ಯುವತಿ ಅಯ್ಯೋ ಪಾಪ ಎಂದು ಅವಳ ತಲೆ ಸವರಿ ಎದ್ದಳು. ಅಡುಗೆಯವಳು ಒಲೆಯ ಕಡೆ ತಿರುಗಿದಳು. ಬಂದವರೆಲ್ಲ ಹೊರಟುಹೋದ ಮೇಲೆ, ಮಕ್ಕಳಿಗೆ ಸಾರು ಬಡಿಸುತ್ತ, ನನ್ನ ಕಡೆ ನೋಡದೆಯೇ, "ಹುಡುಗಿ ಬೆಳಗಿನಿಂದ ಒಮ್ಮೀನೂ ಕೆಮ್ಮಿದ್ದಿಲ್ರಿ, ಅಕ್ಕೋರ" ಎಂದಳು. ನಾನು ಕೇಳದವಳಂತೆ ಮುಂದಿನ ಸಾಲಿನ ಮಕ್ಕಳ ತಟ್ಟೆ ಸರಿ ಮಾಡಿದೆ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನ ತಾಯಿಯ ಜೊತೆ ಬಂದಳು. ತಾಯಿಯ ಕೈಯಲ್ಲಿ ಒಂದು ಕೆಮ್ಮಿನ ಔಷಧದ ಬಾಟಲಿಯಿತ್ತು, ಮುಚ್ಚಳ ಇನ್ನೂ ತೆರೆದಿರಲಿಲ್ಲ.

"ಅಕ್ಕೋರ, ಇದರ ಮ್ಯಾಲ ಎಷ್ಟ ಹಾಕ್ಬೇಕು ಅಂತ ಬರದಾರ, ಒಂಚೂರು ಓದಿ ಹೇಳ್ರಿ. ನಿನ್ನಿ ಕೆಲಸ ಬಿಟ್ಟು ಸವಣೂರಿಗೆ ಕರಕೊಂಡು ಹೋಗಿದ್ನಿ. ಡಾಕ್ಟರು ಎದಿ ಸ್ವಚ್ಛ ಐತಿ, ಏನೂ ಇಲ್ಲ ಅಂದ್ರು. ಆದ್ರ ಈಕಿ, ನನಗ ಕೆಮ್ಮ ಐತಿ, ಅಕ್ಕೋರು ಹೇಳ್ಯಾರ ಅಂತಾಳ. ನೀವು ಹೇಳೀರಿ ಅಂದಮ್ಯಾಲ ಇರಬೇಕಲ್ರಿ? ಅದಕ್ಕ ನಾನಽ ಕೇಳಿ ಔಷಧಿ ಬರಿಸ್ಕೊಂಡ್ನಿ."

ಡಾಕ್ಟರ ಮಾತಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದಳು ಆ ತಾಯಿ. ನಾನು ಬಾಟಲಿ ಕೈಗೆ ತೆಗೆದುಕೊಂಡೆ. ಅಕ್ಷರಗಳು ಕಣ್ಣಿಗೆ ಬೀಳಲೇ ಇಲ್ಲ. ಹುಡುಗಿ ತಾಯಿಯ ಸೆರಗಿನ ಹಿಂದೆ ನಿಂತು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ನಾನು ಹೇಳಿದ್ದಕ್ಕೆ ತಕ್ಕಂತೆ ಇನ್ನೊಮ್ಮೆ ಕೆಮ್ಮಲು ಸಿದ್ಧವಾಗಿದ್ದಳೋ ಏನೋ.

"ಬೇಡ. ಇದನ್ನು ಕುಡಿಸಬೇಡಿ" ಎಂದೆ. "ಈಗ ವಾಸಿಯಾಗಿದೆ. ಅವಳು ಹುಷಾರಾಗಿದ್ದಾಳೆ."

ಅಷ್ಟೇ ಹೇಳಿದೆ. ಕೆಮ್ಮು ಇರಲೇ ಇಲ್ಲ ಎಂದು ಹೇಳಲು ಇನ್ನೊಂದು ವಾಕ್ಯ ಸಾಕಿತ್ತು. ಅದನ್ನು ಹೇಳದೆ ಬಾಟಲಿ ಹಿಂದಕ್ಕೆ ಕೊಟ್ಟೆ.

ತಾಯಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಹೋಗಲು ತಿರುಗಿದವಳು ಮತ್ತೆ ನಿಂತಳು. "ಇನ್ನೊಂದ ಮಾತ್ರಿ. ಈಕಿ ಓಣ್ಯಾಗ ಕನ್ನಡ ಮಾತಾಡೂದು ಬಿಟ್ಟಾಳ. ಬಾಜೂ ಮನಿ ಅಜ್ಜಿ ಕೂಡ ದಿನಾ ಹರಟಿ ಹೊಡೀತಿದ್ಲು, ಈಗ ಬರೇ ತಲಿ ಅಲ್ಲಾಡಸ್ತಾಳ. ಯಾಕ ಅಂತ ಕೇಳಿದ್ರ, ನಂದು ತಪ್ಪ ಕನ್ನಡ, ಗಿಣಿ ಹೇಳೇತಿ ಅಂತಾಳ. ಅದ್ಯಾವ ಗಿಣೀರಿ?"

"ಟ್ಯಾಬಿನಲ್ಲಿ ಒಂದು ಆಟವಿದೆ" ಎಂದೆ. "ನಾನು ನೋಡುತ್ತೇನೆ."

ಅವಳು ಕೈ ಮುಗಿದು ಹೋದಳು. ನನಗೆ ಆ ಕೈ ಮುಗಿದದ್ದನ್ನು ನೋಡಲಾಗಲಿಲ್ಲ.

ಅದರ ಮುಂದಿನ ವಾರ ಹಾನಗಲ್ಲಿನಲ್ಲಿ ಶಿಕ್ಷಕರ ಒಂದು ದಿನದ ತರಬೇತಿಯಿತ್ತು. ಆಟದ ಬಗ್ಗೆ ಹೇಳಲು ನನ್ನನ್ನು ಕರೆದಿದ್ದರು. ನಮ್ಮ ಶಾಲೆಯ ವಿಡಿಯೋ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಬೆಂಚಿನಿಂದ ನಿವೃತ್ತಿಗೆ ಹತ್ತಿರವಾದ ಒಬ್ಬ ಮಾಸ್ತರು ಎದ್ದು ನಿಂತರು.

"ಮೇಡಮ್ಮಾರ, ನಮ್ಮ ಹುಡುಗೂರು ಮನಿ ಅಂತಾರ, ಎಮ್ಮಿ ಅಂತಾರ. ನಾನೂ ಅಂತೇನಿ. ಅದಕ್ಕ ನಿಮ್ಮ ಗಿಣಿ ಏನಂತೈತ್ರಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಲ್ಲಾದರೂ ಹೇಳಿಬಿಡಬೇಕು ಅನಿಸಿತು. ಹೇಳಿದೆ ಕೂಡ. ಎಲೆ ತೋಟದವನ ಮಗಳು, ಅವಳ ಮೌನ, ಗಿಳಿ, ಎಲ್ಲವನ್ನೂ ಹೇಳಿದೆ. ಆದರೆ ಹೇಗೆ ಹೇಳಿದೆ? "ಒಂದು ಶಾಲೆಯಲ್ಲಿ ಹೀಗಾಯಿತು" ಎಂದು. "ಅಲ್ಲಿನ ಶಿಕ್ಷಕಿ ಗಮನಿಸಲಿಲ್ಲ" ಎಂದು. ಬೆಳ್ಳುಳ್ಳಿಯ ಮಾತನ್ನೂ ಕೆಮ್ಮಿನ ಮಾತನ್ನೂ ಬಿಟ್ಟುಬಿಟ್ಟೆ. ಸಭೆ ಗಂಭೀರವಾಗಿ ಕೇಳಿತು. ಮಾಸ್ತರು, "ಬಾಳ ಸೂಕ್ಷ್ಮ ಗಮನಿಸೀರಿ ನೋಡ್ರಿ. ನಿಮ್ಮಂಥೋರು ಬೇಕು" ಎಂದರು. ಊಟಕ್ಕೆ ಬಿಟ್ಟಾಗ ಇಬ್ಬರು ಶಿಕ್ಷಕಿಯರು ಬಂದು ನನ್ನ ಕೈ ಹಿಡಿದುಕೊಂಡರು. ಒಬ್ಬಳ ಕಣ್ಣು ತುಂಬಿತ್ತು.

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಮಾಡಿದ ತಪ್ಪಿಗಿಂತ ಅದನ್ನು ಹೇಳಿಕೊಂಡ ರೀತಿ ನನಗೆ ಹೆಚ್ಚು ಹೇಸಿಗೆಯಾಗಿತ್ತು. ಮಗುವಿನ ಮಾತು ಕಸಿದುಕೊಂಡದ್ದಲ್ಲದೆ, ಅದನ್ನೇ ಕಥೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು, "ಯಾಕವಾ, ಹೊಟ್ಟಿ ತೊಳಸಾಕತ್ತೈತೇನು? ಲಿಂಬಿಹಣ್ಣ ಕೊಡ್ಲೇನು?" ಎಂದಳು. ಹೌದೆಂದು ತಲೆಯಾಡಿಸಿ ಲಿಂಬೆಹಣ್ಣು ಇಸಿದುಕೊಂಡೆ.

ಭಾನುವಾರ ಬೆಳಿಗ್ಗೆ ಹುಡುಗಿಯ ಮನೆಗೆ ಹೋದೆ. ಅಂಗಳದಲ್ಲಿ ಒದ್ದೆ ಗೋಣಿಯ ಮೇಲೆ ಎಲೆಗಳನ್ನು ಹರಡಿಕೊಂಡು ತಾಯಿ ಕೂತಿದ್ದಳು. ಹುಡುಗಿ ನನ್ನನ್ನು ಕಂಡವಳೇ ಒಳಗೆ ಓಡಿದಳು. ತಾಯಿ ಗಡಬಡಿಸಿ ಎದ್ದು, ಕುರ್ಚಿ ತಂದು ಹಾಕಿ, "ಕೂಡ್ರಿ ಅಕ್ಕೋರ, ಚಾ ಮಾಡ್ತೇನಿ" ಎಂದಳು. ನಾನು ಕುರ್ಚಿ ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ. ಚಹಾ ಬೇಡ, ಮೊದಲು ನನ್ನ ಮಾತು ಕೇಳಿ ಎಂದೆ.

ಈ ಸಲ ಏನನ್ನೂ ಬಿಡಲಿಲ್ಲ. ಆ ಗಿಳಿಯ ದನಿ ನನ್ನದು ಎಂದೆ. ಎಲಿ ಎಂದರೆ ತಪ್ಪು ಎನ್ನಬೇಕೆಂದು ಹೇಳಿದವಳು ನಾನು ಎಂದೆ. ವಿಡಿಯೋದವರು ಬಂದ ದಿನ ನಿಮ್ಮ ಮಗಳನ್ನು ಬೇಕೆಂದೇ ಅಡುಗೆಕೋಣೆಗೆ ಕಳಿಸಿದೆ, ಅವಳಿಗೆ ಕೆಮ್ಮು ಇರಲಿಲ್ಲ, ನಾನು ಸುಳ್ಳು ಹೇಳಿದೆ, ಅವಳು ನನ್ನ ಮರ್ಯಾದೆ ಉಳಿಸಲು ಕೆಮ್ಮಿದಳು ಎಂದೆ.

ತಾಯಿ ಮತ್ತೆ ಗೋಣಿಯ ಮುಂದೆ ಕೂತು ಎಲೆ ಆರಿಸತೊಡಗಿದಳು. ಚಿಕ್ಕದು ಒಂದು ಕಡೆ, ದೊಡ್ಡದು ಇನ್ನೊಂದು ಕಡೆ. ಆಮೇಲೆ ಒಂದು ಎಲೆ ಎತ್ತಿ ಹಿಡಿದು ಕೇಳಿದಳು.

"ಎಲಿ ಅಂದ್ರೂ, ನೀವು ಅಂತೀರಲ್ಲ ಹಂಗ ಅಂದ್ರೂ, ಇದಽ ಅಲ್ಲೇನ್ರಿ?"

"ಹೌದು. ಇದೇ."

"ಮತ್ತ ಯಾಕ ತಪ್ಪಂದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು, ಓದಿದವಳಿಗೆ ಗೊತ್ತಿರುತ್ತದೆ ಎಂದುಕೊಂಡು. "ನನಗೂ ಹಂಗಽ ಅಂದಿದ್ರು. ನನಗೂ ನಕ್ಕಿದ್ರು" ಎಂದೆ. ಊರ ಮಾತು ತಾನಾಗಿ ಬಂದಿತ್ತು. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಡಾಕ್ಟರ ಹತ್ರ ಬಾಯಿ ತಗದು ತೋರಿಸಂದಾಗ ಹೆದರಿ ನನ್ನ ಕೈ ಹಿಡಕೊಂಡಿದ್ಲು" ಎಂದಳು ತಾಯಿ. "ಆವಾಗರ ಹೇಳ್ಬೇಕಿತ್ತಲ್ಲ, ಕೆಮ್ಮ ಇಲ್ಲ ಅಂತ. ಹೇಳ್ಲಿಲ್ಲ. ನಿಮ್ಮ ಮ್ಯಾಲ ಬಾಳ ಜೀವ ಆಕೀದು."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಚಹಾ ಕೊಟ್ಟಳು, ಕುಡಿದೆ. ಹುಡುಗಿಯನ್ನು ಕರೆದಳು, ಅವಳು ಬಾಗಿಲ ಪರದೆಯ ಹಿಂದಿನಿಂದ ಹೊರಗೆ ಬರಲಿಲ್ಲ. ನಾನು ಪರದೆಯ ಹತ್ತಿರ ಹೋಗಿ, "ನಿಂದು ತಪ್ಪಲ್ಲ. ನಂದು ತಪ್ಪು. ಅದು ಎಲೀನಽ" ಎಂದೆ. ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು ಮಾತ್ರ ಕಾಣುತ್ತಿದ್ದವು.

ಅಲ್ಲಿಂದ ಬಂದು ಶಿಗ್ಗಾವಿಯ ಯುವತಿಗೆ ಫೋನು ಮಾಡಿದೆ. ಅವಳಿಗೂ ಎಲ್ಲ ಹೇಳಿದೆ. "ನಾನೂ ಗಟ್ಟಿ ನಿಂದ್ರಬೇಕಾಗಿತ್ರಿ ಮೇಡಂ" ಎಂದಳು. "ನೀವು ದೊಡ್ಡೋರು ಅಂತ ಸುಮ್ಮನಾದ್ನಿ." ಆಟವನ್ನು ತಿದ್ದಲು ಮೂರು ತಿಂಗಳು ಹಿಡಿಯಿತು. ಮತ್ತೆ ಆ ಕೌದಿ ಗೋಡೆಗಳ ಕೋಣೆಯಲ್ಲಿ ಕೂತು ಎಲಿ, ಮನಿ, ಆನಿ ಎಂದು ಹೇಳಹೋದೆ. ಆಶ್ಚರ್ಯವೆಂದರೆ ಮೈಕಿನ ಮುಂದೆ ಅದು ಬರಲಿಲ್ಲ. ನಾಟಕದವರು ಹಳ್ಳಿಯವರ ಪಾತ್ರ ಮಾಡಿದ ಹಾಗೆ ಕೇಳಿಸಿತು. ಏಳೆಂಟು ಸಲ ಪ್ರಯತ್ನಿಸಿದ ಮೇಲೆ ನಾನೇ ಹೆಡ್‌ಫೋನು ತೆಗೆದಿಟ್ಟು, "ನೀನೇ ಹೇಳಮ್ಮ" ಎಂದೆ. ಈಗ ಗಿಳಿಗೆ ಅವಳ ದನಿಯಿದೆ. ಮಗು ಎಲೆ ಎಂದರೂ ನಕ್ಷತ್ರ, ಎಲಿ ಎಂದರೂ ನಕ್ಷತ್ರ. ಬೇರೇನಾದರೂ ಹೇಳಿದರೆ, "ಇನ್ನೊಂದ ಸಲ ನೋಡೋಣೇನು?" ಎನ್ನುತ್ತದೆ.

ಹೊಸ ಆಟ ಬಂದ ದಿನ ಹುಡುಗಿ ಟ್ಯಾಬನ್ನು ತುಂಬ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಬಲೂನಿನ ಆಟ ತೆರೆದಳು. ನಾನು ಒತ್ತಾಯಿಸಲಿಲ್ಲ.

ಈಗ ಅವಳು ಮೂರನೆಯ ತರಗತಿ. ಗೆಳತಿಯರ ಜೊತೆ ಮಾತು ಮರಳಿದೆ. ಬಯಲಿನಲ್ಲಿ ಅವಳ ದನಿ ಎಲ್ಲರಿಗಿಂತ ಮೇಲೆ ಕೇಳಿಸುತ್ತದೆ, ಅಡುಗೆಯವಳ ಹತ್ತಿರವಂತೂ ಮುಗಿಯದ ಹರಟೆ. ಓದುವುದರಲ್ಲೂ ಹಿಂದೆ ಬಿದ್ದಿಲ್ಲ. ನನ್ನ ಜೊತೆ ಮಾತ್ರ ಬೇರೆ. ನಾನು ಏನಾದರೂ ಕೇಳಿದರೆ ಪಕ್ಕದವಳ ಕಿವಿಯಲ್ಲಿ ಉತ್ತರ ಹೇಳುತ್ತಾಳೆ, ಪಕ್ಕದವಳು ಎದ್ದು ನನಗೆ ಹೇಳುತ್ತಾಳೆ. ಉತ್ತರ ಸರಿಯಾಗಿಯೇ ಇರುತ್ತದೆ. ಮೊದಮೊದಲು ನೇರವಾಗಿ ಹೇಳು ಎನ್ನಬೇಕೆನಿಸುತ್ತಿತ್ತು, ಈಗ ಹಾಗೇನೂ ಹೇಳುವುದಿಲ್ಲ. ಇಬ್ಬರ ಕಡೆಗೂ ನೋಡಿ "ಸರಿ ಐತಿ" ಎನ್ನುತ್ತೇನೆ.

ಮಾರ್ಚಿಗೆ ಅವಳು ನನ್ನ ಕೋಣೆ ಬಿಟ್ಟು ಹೆಡ್‌ಮಾಸ್ತರರ ತರಗತಿಗೆ ಹೋಗುತ್ತಾಳೆ. ಅಷ್ಟರೊಳಗೆ ಒಂದು ಸಲವಾದರೂ ನನ್ನ ಹತ್ತಿರ ನೇರವಾಗಿ ಮಾತಾಡಿಯಾಳು ಎಂದು ಆಸೆಯಿದೆ. ಆ ಆಸೆ ಇಟ್ಟುಕೊಳ್ಳಲೂ ನನಗೆ ನಾಚಿಕೆಯಾಗುತ್ತದೆ.